ಆರು ಚಮಚ ಸೋಡಾ, ಕಡಲೆಕಾಳಿನಷ್ಟು ಸುಣ್ಣ

ದುಂಡಸಿಯ ಶೇಖವ್ವ ಎಲೆ-ಅಡಿಕೆ ಬಿಟ್ಟ ಸುದ್ದಿ ಶಿಗ್ಗಾಂವಿಯವರೆಗೂ ಮುಟ್ಟಿತ್ತು. ಮುಟ್ಟಿಸಿದವಳು ಶೇಖವ್ವನೇ. ಬಸ್ಸಿನಲ್ಲಿ ಪಕ್ಕದವರು ಎಲೆಸಂಚಿ ಬಿಚ್ಚಿದರೆ ಸಾಕು, ನಾಲಿಗೆಯಿಂದ ಎಡಗೆನ್ನೆಯನ್ನು ಒಳಗಿನಿಂದ ಉಬ್ಬಿಸಿ, ಇಲ್ಲೇ ಬಿಳಿ ಕಲೆ ಬಂದಿತ್ತು ನೋಡ್ರಿ ಎಂದು ಶುರು ಮಾಡಿದರೆ ಇಳಿಯುವ ಊರು ಬರುವವರೆಗೆ ನಿಲ್ಲಿಸುತ್ತಿರಲಿಲ್ಲ. ಈ ಮಾತು ಮುಗಿದರೆ ಸಾಕೆಂದು ಎಷ್ಟೋ ಮಂದಿ ಬಿಚ್ಚಿದ ಸಂಚಿಯನ್ನು ಮತ್ತೆ ಕಟ್ಟಿಟ್ಟುಕೊಂಡಿದ್ದರು.

ಚಟ ನಲವತ್ತು ವರ್ಷದ್ದು. ಹದಿನೇಳಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಮೆಣಸಿನಗಿಡದ ಸಾಲಿನಲ್ಲಿ ಕಳೆ ತೆಗೆಯುವಾಗ ಹಸಿವು ತಿಳಿಯದಿರಲೆಂದು ಅತ್ತೆಯೇ ಮೊದಲ ಎಲೆ ಮಡಚಿ ಕೊಟ್ಟಿದ್ದಳು. ಅದರ ಜೊತೆಗೆ ತವರಿನಿಂದ ತಂದ ಹಿತ್ತಾಳೆಯ ಸುಣ್ಣದ ಡಬ್ಬಿ ಸೊಂಟ ಸೇರಿತು. ಆ ಡಬ್ಬಿ ಬರೀ ಬಾಯಿಚಪಲಕ್ಕೆ ಇದ್ದದ್ದಲ್ಲ. ಓಣಿಯಲ್ಲಿ ಸೀಮಂತವಿರಲಿ, ನಿಶ್ಚಯವಿರಲಿ, ದೃಷ್ಟಿ ತೆಗೆಯುವ ಕೆಂಪು ಆರತಿಗೆ ಶೇಖವ್ವನೇ ಬೇಕು. ತಟ್ಟೆಯ ನೀರಿಗೆ ಅರಿಶಿನ ಕದಡಿ, ಉಗುರಿನ ತುದಿಯಲ್ಲಿ ಸುಣ್ಣ ತೆಗೆದು ಒಂದು ಸುತ್ತು ತಿರುವಿದಳೆಂದರೆ ನೀರು ದಾಳಿಂಬೆಯ ರಸದಂತೆ ಕೆಂಪಾಗುತ್ತಿತ್ತು. ಅಳತೆ ಕೇಳಿದರೆ, ಕೈಗೆ ಗೊತ್ತಾಗ್ತೇತಿ ಎನ್ನುತ್ತಿದ್ದಳು.

ಈ ಹೆಮ್ಮೆಯಿಂದಲೇ ಒಂದು ಎಡವಟ್ಟು ಆಗಿತ್ತು. ಮಗ ಸಾಗರನ ನಿಶ್ಚಯಕ್ಕೆ ಹಿರೇಕೆರೂರಿಗೆ ಹೋದಾಗ ಬೀಗತಿ ಶಿವಗಂಗವ್ವ ಸುಣ್ಣ ಮರೆತು ನೀರಿಗೆ ಕುಂಕುಮ ಕದಡಿ ತಂದಿದ್ದಳು. ಕುಂಕುಮ ತಳಕ್ಕೆ ಕುಳಿತು ಮೇಲಿನ ನೀರು ಗುಲಾಬಿಯಾಗಿತ್ತು. ಇದು ಆರತಿಯೋ ಶರಬತ್ತೋ ಎಂದು ಶೇಖವ್ವ ಎರಡೂ ಕಡೆಯ ಮಂದಿಯ ಎದುರು ಕೇಳಿಬಿಟ್ಟಳು. ಮಂದಿ ನಕ್ಕು ಮರೆತರು. ಶಿವಗಂಗವ್ವ ನಕ್ಕಳು, ಮರೆಯಲಿಲ್ಲ.

ಸೊಸೆ ಭಾಗ್ಯಶ್ರೀ ಬಂಕಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಧ್ವನಿ ಏರಿಸುವವಳಲ್ಲ. ಕೆನ್ನೆಯೊಳಗೆ ಕಲೆ ಕಂಡಾಗ ಅತ್ತೆಯನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅವಳೇ. ಆಗ ಅವಳಿಗೇ ಏಳು ತಿಂಗಳು. ಎಲೆ, ಅಡಿಕೆ, ತಂಬಾಕು, ಸುಣ್ಣ ನಾಲ್ಕನ್ನೂ ಪೂರ್ತಿ ಬಿಡಬೇಕು, ಬಿಟ್ಟರೆ ಕಲೆ ಹೋದೀತು, ಆಗಾಗ ಬಂದು ತೋರಿಸಬೇಕು ಎಂದರು ಡಾಕ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಭಾಗ್ಯಶ್ರೀ ಕಿಟಕಿಯ ಹೊರಗೆ ನೋಡುತ್ತಲೇ ಒಂದು ಮಾತು ಹೇಳಿದಳು.

“ಅತ್ತಿ, ಎಲಿ ಹಾಕ್ಕೊಂಡ ಬಾಯಿಲೆ ನನ್ನ ಕೂಸಿಗೆ ಮುತ್ತು ಕೊಡೂದು ಬ್ಯಾಡ್ರಿ.”

ಶೇಖವ್ವ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಆಣೆ ಇಟ್ಟಳು. ಮರುದಿನ ಓಣಿಯ ಹೆಂಗಸರನ್ನು ಕೂಡಿಸಿ ಡಬ್ಬಿಯನ್ನು ಹಾಳು ಬಾವಿಗೆ ಎಸೆದಳು. ಎಸೆದದ್ದು ಮುಲಾಮಿನ ಖಾಲಿ ಡಬ್ಬಿ. ಹಿತ್ತಾಳೆಯದು ಅಡುಗೆಮನೆಯ ಮೂಲೆಯಲ್ಲಿ ಹುಣಸೆಹಣ್ಣಿನ ಗಡಿಗೆಯ ತಳ ಸೇರಿತು. ಅವ್ವ ಕೊಟ್ಟದ್ದನ್ನು ಎಸೆಯಲು ಕೈ ಬಂದಿರಲಿಲ್ಲ, ಅಷ್ಟೇ. ತಿನ್ನುವ ವಿಚಾರ ಆಗ ಇರಲಿಲ್ಲ.

ನಲವತ್ತು ದಿನ ನಿಜವಾಗಿಯೂ ಬಿಟ್ಟಿದ್ದಳು. ಸೊಸೆ ಹೆರಿಗೆಗೆಂದು ಹಿರೇಕೆರೂರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಊಟವಾಗಿ ಬಾಯಿ ಬರಿದೆನಿಸಿತು. ಬಸ್‌ಸ್ಟ್ಯಾಂಡಿನ ಹಜರತಅಲಿಯ ಅಂಗಡಿಗೆ ಹೋಗಿ ದೇವರಿಗೆ ಅಂತ ಎರಡು ಸವಣೂರ ಎಲೆ ಕೇಳಿದಳು. ಆಮೇಲೆ ದೇವರಿಗೆ ದಿನಾ ಎಲೆ ಬೇಕಾಯಿತು. ಹಜರತಅಲಿ ಯಾವ ದೇವರೆಂದು ಎಂದೂ ಕೇಳಲಿಲ್ಲ. ಶೇಖವ್ವನ ಲೆಕ್ಕದಲ್ಲಿ ಇದು ಆಣೆ ಮುರಿದಂತೆ ಅಲ್ಲವೇ ಅಲ್ಲ. ತಂಬಾಕಿಲ್ಲ, ಅಡಿಕೆಯೂ ಇಲ್ಲ. ಒಂದೇ ಎಲೆ, ಅದಕ್ಕೆ ಗಡಿಗೆಯ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ. ಇಷ್ಟಕ್ಕೆ ತಿನ್ನುವುದು ಎನ್ನುತ್ತಾರೆಯೇ?

ಅಷ್ಟರಲ್ಲಿ ಕೂಸು ಹುಟ್ಟಿ, ಐದನೇ ತಿಂಗಳಿಗೆ ಭಾಗ್ಯಶ್ರೀ ತೊಟ್ಟಿಲ ಸಮೇತ ಗಂಡನ ಮನೆಗೆ ಬರುವ ದಿನ ಬಂತು. ಅದು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅದು ಕಳೆದ ಮೇಲೆಯೇ ಹೊಸ್ತಿಲು ದಾಟಬೇಕೆಂದು ಎರಡೂ ಮನೆಯವರು ಫೋನಿನಲ್ಲಿ ಮಾತಾಡಿಕೊಂಡಿದ್ದರು. ಶೇಖವ್ವ ನಸುಕಿನಿಂದ ಹೋಳಿಗೆಗೆ ನಿಂತಿದ್ದಳು. ತಾನು ಬಿಟ್ಟದ್ದು ಬೀಗರಿಗೆ ಎದ್ದು ಕಾಣಲೆಂದು ಊಟದ ಮೇಲೆ ಎಲೆತಟ್ಟೆ ಇಡದೆ ಬಡೇಸೋಪು ಇಡುವುದೆಂದು ಸಾರಿದ್ದಳು. ಆರತಿಗೆ ಸುಣ್ಣ ತರಲು ಸಾಗರನಿಗೆ ಹೇಳಬೇಕೆಂದಿದ್ದಳು. ಅವನು ಆರಕ್ಕೇ ಜೀಪು ತೆಗೆದುಕೊಂಡು ಹಿರೇಕೆರೂರಿಗೆ ಹೋದ. ಹೋಳಿಗೆಯ ಗದ್ದಲದಲ್ಲಿ ಅವಳಿಗೂ ಮರೆಯಿತು.

ನೆನಪಾದದ್ದು ಒಂದು ಗಂಟೆಗೆ, ಜೀಪಿನ ಹಾರ್ನ್ ಕೇಳಿದಾಗ. ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಸೊಸೆ ಸಮತಾಳನ್ನು ಹಿತ್ತಿಲ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಓಡಿಸಿದಳು. ಸಮತಾ ಬರಿಗೈಲಿ ಬಂದಳು. ಶುಕ್ರವಾರದ ನಮಾಜಿಗೆ ಹಜರತಅಲಿ ಅಂಗಡಿ ಮುಚ್ಚಿದ್ದ, ತೆರೆಯುವುದು ಎರಡಕ್ಕೆ. ಓಣಿಯಲ್ಲಿ ಕೇಳೋಣವೆಂದರೆ ಗಂಡಸರ ಕಿಸೆಯಲ್ಲೆಲ್ಲ ಗುಟಕಾ ಪಾಕೀಟು. ಎಲೆ ಹಾಕುವವಳು ಎದುರು ಮನೆಯ ಮುದುಕಿ ಒಬ್ಬಳು ಉಳಿದಿದ್ದಳು; ಅವಳು ಕೊಟ್ಟ ಸುಣ್ಣ ಎಂದೋ ಒಣಗಿ ಶಾಲೆಯ ಸೀಮೆಸುಣ್ಣದಂತಾಗಿತ್ತು. ಕುಟ್ಟಿ ಹಾಕಿದರೂ ಅರಿಶಿನದ ನೀರು ಹಳದಿಯಾಗಿಯೇ ಉಳಿಯಿತು.

ಕುಂಕುಮ ಹಾಕೋಣ ಎಂದಳು ಸಮತಾ. ಶೇಖವ್ವ ಅವಳನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

ಆಗ ಸಮತಾಳಿಗೆ ಶಾಲೆ ನೆನಪಾಯಿತು. ಅರಿಶಿನ ಹಚ್ಚಿದ ಕಾಗದಕ್ಕೆ ಸೋಡಾ ನೀರು ಬಿಟ್ಟಾಗ ಬಣ್ಣ ತಿರುಗಿದ್ದನ್ನು ಅವಳು ನೋಡಿದ್ದಳಂತೆ. ಮಿರ್ಚಿ ಭಜಿಗೆಂದು ತಂದ ಸೋಡಾದ ಪಾಕೀಟು ಎದುರಿಗೇ ಇತ್ತು. ಒಂದು ಚಮಚ ಹಾಕಿದರು. ಹಳದಿ ಸ್ವಲ್ಪ ಮಂಕಾಯಿತು. ಎರಡು, ಮೂರು. ಕಂದಿತು, ಕೆಂಪಾಗಲಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಕೆಂಪಾದೀತೆಂಬ ಆಸೆಯಲ್ಲಿ ಆರನೆಯ ಚಮಚವೂ ಬಿತ್ತು. ತಟ್ಟೆಯ ನೀರು ನಿನ್ನೆಯ ಸಾರಿನ ಬಣ್ಣಕ್ಕೆ ಬಂದು ಅಲ್ಲೇ ಹಟ ಹಿಡಿದು ನಿಂತಿತು.

ಹೊರಗೆ ಬಿಸಿಲಿನಲ್ಲಿ ಕೂಸು ಅಳಲು ಶುರುಮಾಡಿತು. ಆರತಿಯಾಗದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ತೊಟ್ಟಿಲು ಹೊತ್ತ ಸಾಗರ ಭುಜ ಬದಲಿಸುತ್ತಿದ್ದ. ಶಿವಗಂಗವ್ವನ ಧ್ವನಿ ಅಡುಗೆಮನೆಗೆ ನೆಟ್ಟಗೆ ಬಂತು.

“ಬೀಗರ, ಆರತಿ ಏನ್ ಹುಬ್ಬಳ್ಳಿಯಿಂದ ಬರಬೇಕೇನ್ರಿ? ನಾ ಶರಬತ್ತ ಮಾಡ್ಕೊಡ್ಲೇನು?”

ಒಂದು ಕಡೆ ಕೂಸಿನ ಅಳು, ಇನ್ನೊಂದು ಕಡೆ ಬೀಗತಿಯ ಮಾತು. ಎರಡರಲ್ಲಿ ಯಾವುದು ತನ್ನನ್ನು ಗಡಿಗೆಯ ಹತ್ತಿರ ಒಯ್ದಿತೆಂದು ಆಮೇಲೆ ಶೇಖವ್ವನಿಗೇ ಹೇಳಲಾಗಲಿಲ್ಲ. ಡಬ್ಬಿ ತೆಗೆದರೆ ಸಮತಾ ನೋಡುತ್ತಾಳೆ. ಸಮತಾ ನೋಡಿದರೆ ಊರು ನೋಡಿದಂತೆ. ಆಮೇಲೆ ಮೊಮ್ಮಗಳ ಕೆನ್ನೆ ದೂರದಿಂದ ನೋಡುವುದೇ ಗತಿ. ದೇವರ ಕೋಣೆಯಿಂದ ಬತ್ತಿ ತಾ ಎಂದು ಸಮತಾಳನ್ನು ಕಳಿಸಿ, ಗಡಿಗೆಗೆ ಮೊಣಕೈವರೆಗೆ ಕೈ ಹಾಕಿದಳು. ಡಬ್ಬಿ ಸಿಕ್ಕಿತು. ಸೋಡಾದ ನೀರನ್ನು ಮೋರಿಗೆ ಚೆಲ್ಲಿ, ತಟ್ಟೆಗೆ ಹೊಸ ನೀರು ಹಾಕಿ ಅರಿಶಿನ ಕದಡಿದಳು. ಉಗುರಿನ ತುದಿಯಲ್ಲಿ ಕಡಲೆಕಾಳಿನಷ್ಟು ಸುಣ್ಣ. ತಿರುವುವ ಮೊದಲೇ ತಟ್ಟೆಯಲ್ಲಿ ಕೆಂಪು ಎಳೆ ಹರಿದಾಡಿತು. ತಿರುವಿ ಮುಗಿಸುವಷ್ಟರಲ್ಲಿ ತಟ್ಟೆಯೆಲ್ಲ ದಾಳಿಂಬೆ. ಡಬ್ಬಿ ಸೊಂಟಕ್ಕೆ ಹೋಯಿತು.

ಬತ್ತಿ ತಂದ ಸಮತಾ ಬಾಯಿ ತೆರೆದು ನಿಂತಳು. ಸೋಡಾಕ್ಕೆ ಹೊತ್ತು ಹಿಡೀತೇತವ್ವ, ಅಷ್ಟ ಎಂದಳು ಶೇಖವ್ವ. ಸಮತಾ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆರತಿಯ ಮುಂದೆಯೇ ಹೊರಗೆ ಹೋಗಿ, ಸುಣ್ಣ ಇಲ್ಲದೆ ಆರು ಚಮಚ ಸೋಡಾದಲ್ಲಿ ನಮ್ಮ ಶೇಖಕ್ಕ ಎಂಥ ಆರತಿ ಮಾಡಿದಳೆಂದು ಎಲ್ಲರಿಗೂ ಸಾರಿದಳು. ಶಿವಗಂಗವ್ವ ತಟ್ಟೆಗೆ ಬಾಗಿ ನೋಡಿ ಸೋತೆ ಎನ್ನುವಂತೆ ತಲೆಯಾಡಿಸಿದಳು. ಭಾಗ್ಯಶ್ರೀಯೂ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. ಆಮೇಲೆ ಛಂದ ಆಗೇತಿ ಬಿಡ್ರಿ ಎಂದು ಬಲಗಾಲಿಟ್ಟು ಒಳಗೆ ಬಂದಳು.

ಊಟವಾಯಿತು. ಕೂಸು ತೊಟ್ಟಿಲಲ್ಲಿ ಮಲಗಿತು. ಬೀಗರ ಮಂದಿ ಪಡಸಾಲೆಯಲ್ಲಿ ಬಡೇಸೋಪು ಅಗಿಯುತ್ತ ಒರಗಿದ್ದರು. ಪಾತ್ರೆಯ ರಾಶಿಯ ಮುಂದೆ ಕುಳಿತಿದ್ದ ಶೇಖವ್ವನ ಹತ್ತಿರ ಭಾಗ್ಯಶ್ರೀ ಬಂದು ಅಡುಗೆಮನೆಯ ಬಾಗಿಲು ಮುಂದಕ್ಕೆಳೆದಳು. ಒಂದು ವಾಟಗದಲ್ಲಿ ಅರಿಶಿನದ ನೀರು ಕದಡಿ ಅತ್ತೆಯ ಮುಂದಿಟ್ಟು, ಸೋಡಾದ ಪಾಕೀಟು ಕೈಗೆ ಕೊಟ್ಟಳು.

“ಇನ್ನೊಮ್ಮೆ ಕೆಂಪ ಮಾಡ್ರಿ ಅತ್ತಿ. ನಾನೂ ಕಲೀತೇನಿ.”

ಶೇಖವ್ವ ಚಮಚ ಹಾಕುತ್ತ ಹೋದಳು. ಏಳಾಯಿತು, ಎಂಟಾಯಿತು. ಪಾಕೀಟು ತಳ ಕಂಡಿತು. ವಾಟಗದ ತಳದಲ್ಲಿ ಸೋಡಾ ಕರಗದೆ ಬೆಳ್ಳಗೆ ಕುಳಿತುಕೊಂಡಿತು. ನೀರು ಮಾತ್ರ ನಿನ್ನೆಯ ಸಾರು.

ಎಷ್ಟು ಹಾಕಿದರೂ ಇಷ್ಟೇ ಎಂದು ಭಾಗ್ಯಶ್ರೀ ವಿವರಿಸಿದಳು. ಸೋಡಾ ದುರ್ಬಲ ಪ್ರತ್ಯಾಮ್ಲ. ನೀರಿಗೆ ಬಿದ್ದ ಸಾವಿರ ಕಣದಲ್ಲಿ ಒಂದು ಸಹ ಕ್ಷಾರದ ಕೆಲಸಕ್ಕೆ ಇಳಿಯುವುದು ಕಷ್ಟ. ಉಳಿದವು ಕೈ ಕಟ್ಟಿ ಕೂರುತ್ತವೆ. ಸುಣ್ಣ ಹಾಗಲ್ಲ. ಅದು ನೀರಿನಲ್ಲಿ ಕರಗುವುದೇ ಚೂರು. ಆದರೆ ಕರಗಿದ್ದಷ್ಟೂ ಗಂಟು ಬಿಚ್ಚಿ ಕೆಲಸಕ್ಕೆ ನಿಲ್ಲುತ್ತದೆ, ಒಂದೂ ಹಿಂದೆ ಉಳಿಯುವುದಿಲ್ಲ. ಅದಕ್ಕೇ ಅದು ಪ್ರಬಲ.

ಶೇಖವ್ವ ಪಡಸಾಲೆಯ ಕಡೆ ಒಮ್ಮೆ, ಪಾತ್ರೆಯ ರಾಶಿಯ ಕಡೆ ಒಮ್ಮೆ ನೋಡಿದಳು.

“ಹಂಗಾರ ಸೋಡಾ ಅಂದ್ರ ನಿಮ್ಮ ತವರಮನಿ ಮಂದಿ ಇದ್ದಂಗ. ಜೀಪ್ ತುಂಬ ಬಂದಾರ, ಒಂದು ತಾಟ ತೊಳ್ಯಾಕೂ ಯಾರೂ ಎದ್ದಿಲ್ಲ.”

ಭಾಗ್ಯಶ್ರೀಗೆ ನಗು ತಡೆಯಲಾಗಲಿಲ್ಲ. ಹತ್ತನೇ ತರಗತಿಯ ಹುಡುಗರಿಗೆ ಇದನ್ನು ತಲೆಗೆ ಹತ್ತಿಸಲು ತನಗೆ ಎರಡು ತಾಸು ಬೇಕಾಗುತ್ತದೆ ಎಂದಳು. ನಗುತ್ತಲೇ ಕೈ ಚಾಚಿದಳು.

“ಡಬ್ಬಿ ಕೊಡ್ರಿ.”

ಶೇಖವ್ವ ಸೊಂಟದಿಂದ ಡಬ್ಬಿ ತೆಗೆದಳು. ನಲವತ್ತು ವರ್ಷದಲ್ಲಿ ಕರ್ರಗಾಗಿದ್ದ ಹಿತ್ತಾಳೆ ಅಂಗಡಿಯಿಂದ ನಿನ್ನೆ ತಂದಂತೆ ಫಳಫಳ ಎನ್ನುತ್ತಿತ್ತು. ಭಾಗ್ಯಶ್ರೀ ಅದನ್ನು ಮೂಗಿಗೆ ಹಿಡಿದು, ಹುಣಸಿಹಣ್ಣಿನ ಗಡಿಗ್ಯಾಗ ಇಟ್ಟಿದ್ರಿ ಹೌದಿಲ್ಲೊ ಎಂದಳು. ಹುಣಸೆಯ ಹುಳಿ ದುರ್ಬಲ ಆಮ್ಲ. ಅವಸರವಿಲ್ಲದೆ ತಿಂಗಳುಗಟ್ಟಲೆ ಕುಳಿತು ಕಿಲುಬು ತಿಂದಿದೆ. ಅಡಗಿಸಿಟ್ಟ ಜಾಗವೇ ಡಬ್ಬಿಯನ್ನು ಬೆಳಗಿ ಸಾಕ್ಷಿಗೆ ನಿಲ್ಲಿಸಿತ್ತು.

ಶೇಖವ್ವ ಸೆರಗಿನ ಅಂಚು ತಿರುವುತ್ತ ತನ್ನ ಕಡೆಯ ಮಾತು ಹೇಳಿದಳು. ತಂಬಾಕಿಲ್ಲ, ಅಡಿಕೆಯಿಲ್ಲ, ದಿನಕ್ಕೊಂದೇ ಎಲೆ.

“ಸುಣ್ಣ ಅರ ಎಷ್ಟವ್ವ? ಕಡ್ಲಿಕಾಳಿನಷ್ಟ.”

“ಆರತಿಗೆ ಎಷ್ಟ ಹಾಕಿದ್ರಿ?”

ಶೇಖವ್ವ ತಿರುಗಿ ನೋಡಿದಳು. ಮೂಲೆಯಲ್ಲಿದ್ದ ಆರತಿಯ ತಟ್ಟೆಯಲ್ಲಿ ನೀರು ಇನ್ನೂ ಹಾಗೆಯೇ ಕೆಂಪಗಿತ್ತು. ಕಡಿಮೆ ಎಂದರೆ ದುರ್ಬಲ ಎಂದಲ್ಲ ಎಂದಳು ಭಾಗ್ಯಶ್ರೀ. ನೀರು ಸುರಿದು ತೆಳುವಾಗಿಸಬಹುದು, ಚೂರೇ ಹಾಕಬಹುದು, ಸುಣ್ಣ ಸುಣ್ಣವೇ. ಆ ಕಾಳಿನಷ್ಟು ಸುಣ್ಣ ದಿನಾ ಒಂದೇ ಕೆನ್ನೆಯ ಒಂದೇ ಜಾಗದಲ್ಲಿ ಕೂರುತ್ತದೆ.

ಬೈದಿದ್ದರೆ ಶೇಖವ್ವ ತಿರುಗಿ ಬೈಯುತ್ತಿದ್ದಳು. ಅದು ಅವಳಿಗೆ ಬರುತ್ತಿತ್ತು. ತಾನೇ ಕಣ್ಣಾರೆ ನೋಡಿದ್ದಕ್ಕೆ ಏನೆನ್ನುವುದು? ನಾಲಿಗೆ ತಾನಾಗಿ ಎಡಗೆನ್ನೆಗೆ ಹೋಗಿ ತಡವಿತು. ಮುಂದಿನ ವಾರವೇ ಹುಬ್ಬಳ್ಳಿಗೆ ಹೋಗಿ ತೋರಿಸೋಣ ಎಂದಳು ಭಾಗ್ಯಶ್ರೀ. ಮುತ್ತಿನ ಮಾತನ್ನು ಅವಳು ಎತ್ತಲಿಲ್ಲ, ಶೇಖವ್ವನಿಗೆ ಕೇಳುವ ಧೈರ್ಯವೂ ಇರಲಿಲ್ಲ.

ಹೊರಗೆ ಜೀಪು ಶುರುವಾಯಿತು. ಬೀಗರು ಹೊರಟಿದ್ದರು. ಶಿವಗಂಗವ್ವ ಹಿಂದಿನ ಸೀಟಿನಲ್ಲಿ ಕುಳಿತು, ಬರುವ ತಿಂಗಳು ತಂಗಿಯ ಮಗಳ ಸೀಮಂತವಿದೆ, ಆರು ಚಮಚ ಸೋಡಾ ಎಂದು ಬೆರಳು ಮಡಚಿ ನೆನಪಿಟ್ಟುಕೊಳ್ಳುತ್ತಿದ್ದಳು. ಶೇಖವ್ವನ ಕಣ್ಣಿಗೆ ಹಿರೇಕೆರೂರಿನ ಸೀಮಂತದಲ್ಲಿ ತನ್ನ ಹೆಸರು ಹೇಳಿ ನಿನ್ನೆಯ ಸಾರು ಬೆಳಗುವುದು ಕಂಡಿತು. ಸುಮ್ಮನಿದ್ದರೆ ಈ ಹೊತ್ತು ಮರ್ಯಾದೆ ಉಳಿಯುತ್ತಿತ್ತು. ಸುಮ್ಮನಿರಲು ನೋಡಿದಳು. ಜೀಪು ಎರಡು ಮಾರು ಉರುಳಿತು.

ಕೈ ಅಡ್ಡ ಹಾಕಿ ನಿಲ್ಲಿಸಿದಳು.

“ಬೀಗರ, ಸೋಡಾದಾಗ ಕೆಂಪಾಗಂಗಿಲ್ರಿ. ಅದು ವೀಕ್ ಐತಿ. ಸುಣ್ಣಾನ ಬೇಕು, ಹಸೀ ಸುಣ್ಣ. ಕಡ್ಲಿಕಾಳಿನಷ್ಟ ಸಾಕು.”

ಶಿವಗಂಗವ್ವ ಮಡಚಿದ ಬೆರಳು ಬಿಚ್ಚಿದಳು. “ಮತ್ತ ನೀವು ಎಲಿ ಬಿಟ್ಟಿದ್ರೆಲ್ಲ. ಮನ್ಯಾಗ ಸುಣ್ಣ ಎಲ್ಲಿಂದ ಬಂತ್ರಿ?”

ಸಮತಾ ಅಲ್ಲೇ ಇದ್ದಳು. ಸಾಗರ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಅವ್ವನನ್ನೇ ನೋಡುತ್ತಿದ್ದ. ಎದುರು ಮನೆಯ ಮುದುಕಿ ಕಿವಿ ಕೇಳಿಸದಿದ್ದರೂ ಬಾಗಿಲಿಗೆ ಬಂದಿದ್ದಳು.

“ಈಗ ಬಿಟ್ಟೇನ್ರಿ,” ಎಂದಳು ಶೇಖವ್ವ. “ಅರ್ಧಾ ತಾಸಾತು.”

ಶಿವಗಂಗವ್ವ ಎಷ್ಟು ನಕ್ಕಳೆಂದರೆ ಜೀಪು ಓಣಿಯ ತಿರುವು ದಾಟಿದ ಮೇಲೂ ಅವಳ ನಗು ಕೇಳುತ್ತಿತ್ತು.

ಒಳಗೆ ಬಂದಾಗ ಕೂಸು ಎದ್ದು ಕಾಲು ಬಡಿಯುತ್ತಿತ್ತು. ಭಾಗ್ಯಶ್ರೀ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸುಣ್ಣವನ್ನು ಚೊಕ್ಕ ತೆಗೆದು ತೊಳೆದ ಡಬ್ಬಿ ದೇವರ ಜಗಲಿಯಲ್ಲಿ ಆರತಿ ತಟ್ಟೆಯ ಪಕ್ಕ ಕುಳಿತಿತ್ತು. ಅವಳು ಕೂಸನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಮಲಗಿಸಿ, ಮಾರಿಗೆ ಮುತ್ತು ಈಗ ಬ್ಯಾಡ್ರಿ, ಡಾಕ್ಟರು ನೋಡಿ ಹೇಳಲಿ ಎಂದಳು. ಆಮೇಲೆ ಕೂಸಿನ ಒಂದು ಅಂಗಾಲನ್ನು ಹಿಡಿದು ಅತ್ತೆಯ ಮುಖದ ಹತ್ತಿರ ತಂದಳು.

ಶೇಖವ್ವ ಕೂಸನ್ನು ಸೊಸೆಯ ಕೈಗಿಟ್ಟು ಎದ್ದು ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದು, ಒರೆಸಿಕೊಂಡು, ಅಂಗಾಲಿಗೆ ಒಂದು ಮುತ್ತು ಕೊಟ್ಟಳು. ಕಚಗುಳಿಯಾಗಿ ಕೂಸು ಕಾಲು ಝಾಡಿಸಿತು. ಹಿಮ್ಮಡಿ ನೆಟ್ಟಗೆ ಅವಳ ಎಡಗೆನ್ನೆಗೆ ಬಿತ್ತು.

“ನೋಡವ್ವ, ಇದರ ಒದಿ,” ಎಂದಳು ಕೆನ್ನೆ ಹಿಡಿದುಕೊಂಡು. “ಇರೂದು ಕಡ್ಲಿಕಾಳಿನಷ್ಟ.”