ಎರಡು ಸಲ ತಟ್ಟಿದಳು

ರೇಣುಕಾ ಆ ದಿನ ತೊಡೆ ತಟ್ಟಿದ್ದು ನನ್ನನ್ನು ಕೆಣಕಲು ಅಲ್ಲ — ಸೋತೆ, ಬಿಡು ಎಂದು ಹೇಳಲು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ತಿರುವಿ ಹಿಡಿದಿದ್ದ ಅವಳ ಕೈಯನ್ನು ಬಿಡಲಿಲ್ಲ. ಆಮೇಲೆ ಹದಿನಾರು ವರ್ಷ ಗೊತ್ತಿರಲಿಲ್ಲ ಎಂಬಂತೆ ಬದುಕಿದೆ. ಹೋದ ತಿಂಗಳು ಕಾಮಾಲೆಯಾಗಿ ಅವಳು ತೀರಿಕೊಂಡಳು. ಯಾರಿಗೆ ಮೊದಲು ಹೇಳಬೇಕಿತ್ತೋ ಅವಳಿಗೆ ಇನ್ನು ಹೇಳಲಾರೆ.

ನಾವಿಬ್ಬರೂ ಶಹಾಪುರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆವು. ನಾನು ಹತ್ತಿಕುಣಿ ಕಡೆಯ ಕೂಲಿಕಾರರ ಮನೆಯವಳು. ಅವಳು ಸುರಪುರದವಳು, ನನಗಿಂತ ಒಂದು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಅಪ್ಪ ಒಂದು ಕಾಲದಲ್ಲಿ ಗರಡಿಯಲ್ಲಿ ಹೆಸರು ಮಾಡಿದ ಪೈಲ್ವಾನ.

ವಾರಕ್ಕೆರಡು ದಿನ ಯಾದಗಿರಿಯಿಂದ ಒಬ್ಬ ಮಾಸ್ತರರು ಬಂದು ನಮಗೆ ಕೊರಿಯಾದ ಎರಡು ವಿದ್ಯೆ ಕಲಿಸುತ್ತಿದ್ದರು. ಮುಂಜಾನೆ ಟೇಕ್ವಾಂಡೊ — ಅದು ಕಾಲಿನದು, ಒದೆತ. ಸಂಜೆ ಹಪ್ಕಿಡೊ — ಅದು ಕೈಯದು, ಎದುರಾಳಿಯ ಕೀಲು ಹಿಡಿದು ತಿರುವುವುದು. ಒದೆಯುವುದರಲ್ಲಿ ನಾನು ಮುಂದೆ. ಹಿಡಿತದಲ್ಲಿ ರೇಣುಕಾಳಿಂದ ಯಾರೂ ಬಿಡಿಸಿಕೊಂಡವರಿಲ್ಲ.

"ಏ ಪೈಲ್ವಾನನ ಮಗಳ, ಇದು ಕೊರಿಯಾದ್ದವ್ವ, ನಿಮ್ಮಪ್ಪನ ಗರಡಿ ಅಲ್ಲ" ಎಂದು ಹುಡುಗಿಯರು ಕಾಡುತ್ತಿದ್ದರು.

"ಹೌದೇನು? ಕೈ ಕೊಡು, ಯಾ ಊರಿಂದು ಅಂತ ತೋರಸ್ತೀನಿ" ಎನ್ನುತ್ತಿದ್ದಳು.

ಹಪ್ಕಿಡೊದಲ್ಲಿ ಮಾಸ್ತರರು ಮೊದಲು ಹೇಳಿಕೊಟ್ಟದ್ದು ಸೋಲು ಒಪ್ಪುವುದನ್ನು. ನೋವಾದ ಕೂಡಲೇ ಎರಡು ಸಲ ತಟ್ಟಬೇಕು — ನೆಲವನ್ನೋ, ಎದುರಿನವರನ್ನೋ, ಏನೂ ಎಟುಕದಿದ್ದರೆ ತನ್ನ ಮೈಯನ್ನೇ. ತಟ್ಟಿದ ಸಪ್ಪಳ ಕೇಳಿದರೆ ಹಿಡಿತ ಬಿಡಲೇಬೇಕು. ನಮ್ಮ ಸೀಮೆಯಲ್ಲಿ ತೊಡೆ ತಟ್ಟುವುದೆಂದರೆ ಏನು ಎಂದು ಎಲ್ಲರಿಗೂ ಗೊತ್ತು. ಗಂಡಸು ತಟ್ಟಿದರೆ ಸವಾಲು. ಹೆಣ್ಣು ತಟ್ಟಿದರೆ ನಾಚಿಕೆಗೇಡು — ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಆ ವರ್ಷ ಮಾಸ್ತರರು ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸಲು ತಮ್ಮ ಜೊತೆಗೆ ಒಬ್ಬಳನ್ನು ತೆಗೆದುಕೊಳ್ಳುವವರಿದ್ದರು. ಎರಡೂ ವಿದ್ಯೆಯ ಪರೀಕ್ಷೆ ಗೆದ್ದವಳಿಗೆ ಆ ಕೆಲಸ. ಅದು ನನ್ನದೇ ಎಂದುಕೊಂಡಿದ್ದೆ. ಪರೀಕ್ಷೆಯ ಮುಂಜಾನೆ ಅವರು ವಾರ್ಡನ್ನರ ಮುಂದೆ ಆಡಿದ ಮಾತು ಕಿವಿಗೆ ಬಿತ್ತು. "ಒದಿಯೋದು ಯಾರಿಗೂ ಕಲಿಸಬಹುದ್ರಿ. ರೇಣುಕಾನ ಕೈಯಾಗ ಇರೋದು ಕಲಿಸಿ ಬರಂಗಿಲ್ಲ."

ಆ ಮಾತು ಎದೆಯಲ್ಲಿಟ್ಟುಕೊಂಡೇ ಮ್ಯಾಟಿನ ಮೇಲೆ ರೇಣುಕಾಳ ಎದುರು ನಿಂತೆ. ಒದೆತದಲ್ಲಿ ಗೆದ್ದೆ. ನಿಲ್ಲಿಸದೆ ಹಿಡಿತಕ್ಕೆ ಇಳಿದೆವು, ಹಲ್ಲಿಗೆ ಹಾಕಿಕೊಂಡಿದ್ದ ರಬ್ಬರಿನ ಕವಚ ಇಬ್ಬರ ಬಾಯಲ್ಲೂ ಹಾಗೇ ಇತ್ತು, ಮಾತಾಡಲು ಬರುತ್ತಿರಲಿಲ್ಲ. ಅವಳ ಬಲಗೈ ಅಪರೂಪಕ್ಕೆ ನನಗೆ ಸಿಕ್ಕಿತು. ಮೊಣಕೈ ಹಿಂದಕ್ಕೆ ಒತ್ತಿ ಬಗ್ಗಿಸಿದೆ. ಅವಳ ಎಡಗೈಗೆ ನೆಲ ಎಟುಕಲಿಲ್ಲ, ನಾನೂ ಎಟುಕಲಿಲ್ಲ. ಅವಳು ತನ್ನ ತೊಡೆಯನ್ನು ತಟ್ಟಿದಳು. ಎರಡು ಸಲ.

ಕೇಳಿಸಿತು. ಬಿಡಬೇಕೆಂದು ಕೈಗೆ ಗೊತ್ತಿತ್ತು — ನಾನು ಬಿಡಗೊಡಲಿಲ್ಲ. ಇನ್ನೂ ಒತ್ತಿದೆ. ಮೊಣಕೈಯಲ್ಲಿ ಏನೋ ಲಟಕ್ ಎಂದಿತು.

ಮಾಸ್ತರರು ಓಡಿ ಬಂದರು. "ತಟ್ಟಿದ ಮ್ಯಾಲೂ ಯಾಕ ಬಿಡಲಿಲ್ಲ?"

"ತೊಡಿ ತಟ್ಟಿದಳ್ರಿ ಸರ್. ಇನ್ನೂ ಬಾ ಅಂತಾಳ ಅಂತ ತಿಳದೆ."

ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಪೈಲ್ವಾನನ ರಕ್ತ ಎಲ್ಲಿ ಹೋಗತದ?" ಎಂದರು. ಅಷ್ಟು ಸಾಕಾಯಿತು, ಮಾಸ್ತರರ ಪ್ರಶ್ನೆ ಆ ನಗುವಿನಲ್ಲೇ ಮುಳುಗಿತು. ಸಂಜೆಯೊಳಗೆ ಹಾಸ್ಟೆಲಿನಲ್ಲಿ ಮುರಿದ ಕೈಯ ಮಾತೇ ಇರಲಿಲ್ಲ. ರೇಣುಕಾ ತೊಡೆ ತಟ್ಟಿದಳಂತೆ ಎಂಬುದೇ ಮಾತು.

ಮರುದಿನ ಅವಳ ಅಪ್ಪ ಬಂದರು. ನನ್ನನ್ನು ಒಂದು ಕಡೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು. "ನನ್ನ ಮಗಳು ತೊಡಿ ತಟ್ಟಿದ್ದು ಖರೇನವ್ವ?"

"ಖರೇರಿ, ಕಾಕಾ."

ಸುಳ್ಳಲ್ಲವಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷ ಹಾಗೆಯೇ ಹೇಳಿಕೊಂಡೆ. ಅವರು ಅವಳ ಟ್ರಂಕು ಹೊತ್ತುಕೊಂಡು ಹೋದರು. ಅವಳ ಕಾಲೇಜೂ ಅಲ್ಲಿಗೆ ಮುಗಿಯಿತು. ಕೆಲಸ ನನಗೆ ಬಂತು. ಇವತ್ತಿಗೂ ಅದೇ ಕೆಲಸದ ಅನ್ನ ಉಣ್ಣುತ್ತಿದ್ದೇನೆ. ಎರಡು ಸಲ ತಟ್ಟಿದರೆ ಬಿಡಬೇಕು ಎಂದು ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ.

ಅವಳ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮೂರು ನಾಲ್ಕು ಸಲ ಸಿಕ್ಕಿದ್ದಳು, ಚೀಲ ಎಡಗೈಯಲ್ಲಿ. "ಆರಾಮ ಇದ್ದಿ ಏನಕ್ಕ?" ಎಂದು ಕೇಳುತ್ತಿದ್ದಳು. ಬೇರೇನೂ ಕೇಳುತ್ತಿರಲಿಲ್ಲ. ಕೇಳಿದ್ದರೆ — ಇಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ.

ಅವಳ ದಿನಕರ್ಮದ ದಿನ ಸುರಪುರದ ಅವಳ ತವರುಮನೆಗೆ ಹೋದೆ. ಅವಳ ಅಪ್ಪ ಅಂಗಳದಲ್ಲಿ ಒಬ್ಬರೇ ಕೂತಿದ್ದರು. ನಿಂತುಕೊಂಡೇ ಹೇಳಿದೆ — ಅವಳು ಸೋತೆ ಎಂದೇ ತಟ್ಟಿದ್ದು, ಗೊತ್ತಿದ್ದೂ ನಾನು ಬಿಡದಿದ್ದದ್ದು.

"ಆಕಿ ಆವಾಗ್ಲೇ ಹೇಳಿದ್ದಳು" ಎಂದರು. "ಅಪ್ಪಾ, ಸೋತೆ ಅಂತ ತಟ್ಟಿದೆ ಅಂದಳು. ಸೋತವರು ಎಲ್ಲ್ಯಾರ ತೊಡಿ ತಟ್ಟತಾರೇನು, ಅಂತ ಕಪಾಳಕ್ಕ ಬಿಗದೆ ನಾ. ಆ ಮುರದ ಕೈ ಹಂಗ ಹಿಡಕೊಂಡು ನಿಂತಿದ್ದಳು. ನೀ ಆವತ್ತ ಒಂದ ಮಾತು…"

ಮುಗಿಸಲಿಲ್ಲ. ಒಳಗೆ ತಿರುಗಿ ಕೂಗಿದರು. "ಎಲ್ಲಾರೂ ಹೊರಗ ಬರ್ರಿ."

ಅವಳ ತಾಯಿ, ಗಂಡ, ಉಣ್ಣುತ್ತಿದ್ದ ನೆಂಟರು ಎಂಜಲ ಕೈಯಲ್ಲೇ ಬಂದು ನಿಂತರು.

"ಹೇಳು ಇನ್ನೊಮ್ಮೆ" ಎಂದರು.

ಹೇಳಿದೆ. ಈ ಸಲ ಮಾಸ್ತರರು ಆಡಿದ ಮಾತನ್ನೂ, ನನ್ನ ಹೊಟ್ಟೆಕಿಚ್ಚನ್ನೂ ಬಿಡದೆ ಹೇಳಿದೆ. ಮುಗಿದ ಮೇಲೆ ಕೂಡು ಎಂದು ಯಾರೂ ಅನ್ನಲಿಲ್ಲ. ನಾನು ನಿಂತೇ ಇದ್ದೆ.