ದಡ ಮುಚ್ಚಿಸಿದವನೇ ಬಂಡೆ ಮೇಲೆ

ಗೆಳೆಯರೇ, ನಗುವುದಾದರೆ ಈಗಲೇ ನಕ್ಕುಬಿಡಿ. ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಯ ನಡುವಿನ ಬಂಡೆಯ ಮೇಲೆ ಕೂತು ಫೋನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಆಚೆ ದಡದ ಊರಿನಲ್ಲಿ ವಾಂತಿಭೇದಿ ಹಬ್ಬಿದೆ. ಅಲ್ಲಿಂದ ತೆಪ್ಪದಲ್ಲಿ ಬರುವವರನ್ನು ನಮ್ಮ ದಡಕ್ಕೆ ಇಳಿಸಬಾರದು ಎಂದು ಮೊನ್ನೆ ಊರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಇವತ್ತು ಬೆಳಿಗ್ಗೆ ಹೊಗೆಸೊಪ್ಪು ಮುಗಿಯಿತೆಂದು ಅದೇ ಊರಿಗೆ ತೆಪ್ಪ ಹಾಕಿಕೊಂಡು ಹೋದವನೂ ನಾನೇ. ನಿಯಮ ಬೇರೆಯವರಿಗೆ ಅಂದುಕೊಂಡಿದ್ದೆ.

ವಾಪಸು ಬಂದರೆ ದಡದಲ್ಲಿ ಆಶಾ ಕಾರ್ಯಕರ್ತೆ ಜಯಾ, ನನ್ನ ತಮ್ಮನ ಸೊಸೆ, ಕೈ ಅಡ್ಡ ಹಿಡಿದು ನಿಂತಿದ್ದಳು.

"ಇಳೀಬ್ಯಾಡಿ ಮಾವ."

"ಲೇ, ನಾನು ಕಣವ್ವ!"

"ಗೊತ್ತು. ನಮ್ಮಪ್ಪನೇ ಬಂದ್ರೂ ಇಳಿಸ್ಬ್ಯಾಡಿ ಅಂದೋರು ನೀವೇ ಅಲ್ವಾ? ನಿಮ್ಮಪ್ಪ ಬರ್ನಿಲ್ಲ, ನೀವು ಬಂದ್ರಿ. ಡಾಕ್ಟ್ರು ಬರೋಗಂಟ ತೆಪ್ಪದಲ್ಲೇ ಇರಿ."

"ನಾನೇನೋ ಇರ್ತೀನಿ. ಸಕ್ಕರೆ ಕಾಯಿಲೆ ಕಣವ್ವ, ಉಚ್ಚೆ ನಿಲ್ಲಕ್ಕಿಲ್ಲ!"

ದಡದಲ್ಲಿದ್ದವರೆಲ್ಲ ಗೊಳ್ಳೆಂದರು. ಸಿಟ್ಟು ನೆತ್ತಿಗೇರಿತು. ಯಾರ ದಡವೂ ಅಲ್ಲದ ಈ ಬಂಡೆಗೆ ತೆಪ್ಪ ತಿರುಗಿಸಿದೆ. ಗಿಡದ ಮರೆಗೆ ಓಡುವ ಅವಸರದಲ್ಲಿ ಅದನ್ನು ಕಟ್ಟುವುದನ್ನೇ ಮರೆತೆ.

ಕೆಲಸ ಮುಗಿಸಿ ಬಂದು ನೋಡಿದರೆ ತೆಪ್ಪ ತೇಲಿಕೊಂಡು ಹೋಗಿ ನಮ್ಮೂರ ದಡ ಸೇರಿದೆ. ಹೊಗೆಸೊಪ್ಪೂ ಅದರಲ್ಲೇ ಇದೆ. ಜಯಾ ತೆಪ್ಪವನ್ನು ತಡೆಯಲಿಲ್ಲ, ಮೇಲಕ್ಕೆಳೆದು ಕಟ್ಟಿದಳು.

ಅದು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ ನೋಡಿ.