ಬಳೆಯ ಅಳತೆಯ ಕೈದಿಂಬು

ಕಳೆದ ವಾರ ಮೊಮ್ಮಗಳು ಚೈತ್ರಳ ಜೊತೆ ಮಂಡ್ಯದ ಪೇಟೆಯಲ್ಲಿರುವ ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅವಳಿಗೆ ಬಾಕ್ಸಿಂಗ್ ಗ್ಲೌಸ್ ಕೊಡಿಸಬೇಕಿತ್ತು. ಎಪ್ಪತ್ತು ದಾಟಿದ ಮುದುಕಿ ಗುದ್ದಾಟದ ಗ್ಲೌಸ್ ಆರಿಸಲು ಹೊರಟಳೆಂದು ನೀವು ನಗುವುದಾದರೆ ನಕ್ಕುಬಿಡಿ, ನನ್ನ ಸೊಸೆ ಆಗಲೇ ನಕ್ಕಾಗಿದೆ. ಅಂಗಡಿಯವರು ಕಪಾಟಿನಿಂದ ನಾಲ್ಕೈದು ಜೊತೆ ತೆಗೆದು ಗಾಜಿನ ಮೇಲೆ ಹರಡಿದರು. ಕೆಂಪು ಬಣ್ಣದ ಒಂದು ಜೊತೆ ನನ್ನ ಕಣ್ಣಿಗೆ ಬಿತ್ತು. ಹೊಲಿಗೆ ನೇರವಾಗಿತ್ತು, ನೂಲು ಗಟ್ಟಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಚರ್ಮದ ವಾಸನೆಯ ಹಿಂದೆ ಎಲ್ಲೋ ದಪ್ಪ ಬಟ್ಟೆಯ ವಾಸನೆ, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗಿದ ಮಿಲಿಟರಿ ಚೀಲದ ವಾಸನೆ. "ಇದನ್ನ ಹಾಕ್ಕೊಂಡು ನೋಡವ್ವ" ಅಂದೆ. ಚೈತ್ರ ಕೈ ತೂರಿಸಿದಳು. ನನ್ನ ಮುಖ ನೋಡಿ, "ಸರಿಯಾಗಿದೆ ಅಜ್ಜಿ" ಅಂದಳು.

ಅಷ್ಟಕ್ಕೇ ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಯಾಕೆ ಅನ್ನುವುದನ್ನು ನಿಮಗೆ ಮೊದಲಿನಿಂದ ಹೇಳಬೇಕು.

ನನ್ನ ತವರು ಮಳವಳ್ಳಿ. ಕೊಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಗೆ. ಮದುವೆಯಾದಾಗ ನಮ್ಮ ಯಜಮಾನರು ಮಿಲಿಟರಿ ಪಟಾಲಂನಲ್ಲಿದ್ದರು. ರಜೆಯ ಮೇಲೆ ಬಂದು, ತಾಳಿ ಕಟ್ಟಿ, ಹದಿನೇಳು ದಿನಕ್ಕೆ ವಾಪಸು ಹೊರಟರು. ಆಮೇಲೆ ಮೂರು ವರ್ಷ ನನಗೆ ಗಂಡ ಅಂದರೆ ತಿಂಗಳಿಗೋ ಎರಡು ತಿಂಗಳಿಗೋ ಬರುವ ಒಂದು ಕಾಗದ. ನಾನು ನಾಲ್ಕಕ್ಷರ ಓದಿದವಳು, ಆ ಜಂಬ ಬೇರೆ. ಕಾಗದವನ್ನು ಅತ್ತೆಯ ಮುಂದೆ ಜೋರಾಗಿ ಓದುತ್ತಿದ್ದೆ, ಕೊನೆಯ ಎರಡು ಸಾಲು ಮಾತ್ರ ನುಂಗಿಕೊಳ್ಳುತ್ತಿದ್ದೆ. ಅತ್ತೆಗೆ ಓದು ಬಾರದಿದ್ದರೂ ಎರಡು ಸಾಲು ಕಡಿಮೆಯಾದದ್ದು ಗೊತ್ತಾಗುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಅವರು ಮದ್ದೂರು ಸ್ಟೇಷನ್ನಿನಲ್ಲಿ ಇಳಿದು, ಕ್ಯಾನ್ವಾಸಿನ ಉದ್ದನೆ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಮನೆಗೆ ಬಂದರು. ಚೀಲದಲ್ಲಿ ಒಂದು ಜೊತೆ ಚರ್ಮದ ಬಾಕ್ಸಿಂಗ್ ಗ್ಲೌಸ್ ಇತ್ತು. ಪಟಾಲಂನಲ್ಲಿ ಕಲಿತ ವಿದ್ಯೆ, ಆಡಿ ಬಹುಮಾನವನ್ನೂ ಪಡೆದಿದ್ದರಂತೆ. ನಮ್ಮತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾತರ್ ಕೈದಿಂಬ್ಲಾ?" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕೈದಿಂಬು.

ನಮ್ಮ ಮಾವನವರು ಊರಿನ ಗರಡಿಯ ಯಜಮಾನರು. ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಏರಿಸಿದಾಗ ಜನದ ನಡುವೆ ಭುಜ ಕೊಟ್ಟು ನಿಂತಿದ್ದವರು. ಅಂದಿನಿಂದ ಖಾದಿ ಬಿಟ್ಟು ಬೇರೆ ಬಟ್ಟೆ ಮೈಗೆ ಸೋಕಿಸಿದವರಲ್ಲ. ಅಂಥವರ ಒಬ್ಬನೇ ಮಗ ಬ್ರಿಟಿಷರ ಯುದ್ಧಕ್ಕೆ ಹೋಗಿದ್ದ. ಮಗ ಬಂದು ಕಾಲಿಗೆ ಬಿದ್ದ ದಿನ "ಊಂ" ಅಂದರು, ಅಷ್ಟೇ. ಊಟಕ್ಕೆ ಕೂತಾಗ ಅಪ್ಪನ ಮಾತು ಅತ್ತೆಯ ಮೂಲಕ ಮಗನಿಗೆ, ಮಗನ ಮಾತು ಅತ್ತೆಯ ಮೂಲಕ ಅಪ್ಪನಿಗೆ ತಲುಪುತ್ತಿತ್ತು. ಇಬ್ಬರ ನಡುವೆ ಇದ್ದ ದೂರ ಒಂದು ಮುದ್ದೆ ತಟ್ಟೆಯಷ್ಟು.

ಗ್ಲೌಸ್ ನೋಡಿದ ಮೇಲಂತೂ ಇನ್ನೂ ಬಿಗಿಯಾದರು. ಗರಡಿಯ ಗೂಡಿನಲ್ಲಿ ಹನುಮಂತರಾಯ ಇದ್ದಾನೆ, ಒಳಗೆ ಚರ್ಮ ತರುವಂತಿಲ್ಲ. "ಅದ್ನ ನನ್ನ ಗರಡಿ ವೊಸ್ಲು ದಾಟುಸ್ಬ್ಯಾಡ ಅಂತ ಯೋಳು ನಿನ್ನ ಮಗುನ್ಗೆ" ಅಂದರು ಅತ್ತೆಗೆ. "ಮುಷ್ಟಿ ಕಟ್ಟಿ ಮಕಕ್ಕೆ ಒಡಿಯಾದು ಜಗಳ ಕಣೆ, ವಿದ್ಯೆ ಅಲ್ಲ."

ಆ ಹೊತ್ತಿಗೆ ಮಂಡ್ಯದ ಒಂದು ಶಾಲೆಯವರು ಡ್ರಿಲ್ ಮೇಷ್ಟ್ರನ್ನು ಹುಡುಕುತ್ತಿದ್ದರು. ಹುಡುಗರಿಗೆ ಬಾಕ್ಸಿಂಗೂ ಕಲಿಸುವವರಾದರೆ ಒಳ್ಳೆಯದು, ಒಬ್ಬ ಜೊತೆಗಾರನನ್ನು ಕರೆತಂದು ನಮ್ಮೆದುರು ಆಡಿ ತೋರಿಸಿ ಅಂದಿದ್ದರು. ನಮ್ಮ ಯಜಮಾನರು ಒಂದು ಸಂಜೆ ಹಿತ್ತಲಲ್ಲಿ, ಯಾರೂ ಇಲ್ಲದಾಗ, ನನಗೆ ಹೇಳಿದರು: "ಈ ಕೆಲ್ಸ ಆದ್ರೆ ಇಲ್ಲೇ ಇರ್ತೀನಿ. ಆಗ್ನಿಲ್ಲ ಅಂದ್ರೆ ತಿರ್ಗ ಪಟಾಲಂಗೆ ಓಯ್ತೀನಿ. ಮಾತಾಡ್ದೆ ಇರೋ ಅಪ್ಪನ್ ಮನೇಲಿ ಎಷ್ಟು ದಿನ ಉಣ್ಣಾದು?"

ನಾನು ಒಳಗೆ ಹೋಗಿ ಅಕ್ಕಿ ಆರಿಸಲು ಕೂತವಳು ಕಲ್ಲನ್ನು ಮೊರದಲ್ಲಿ ಉಳಿಸಿ ಅಕ್ಕಿಯನ್ನು ಎಸೆಯುತ್ತಿದ್ದೆ. ಮತ್ತೆ ಮೂರು ವರ್ಷ ಕಾಗದ ಓದುವ ಶಕ್ತಿ ನನಗಿರಲಿಲ್ಲ.

ಇಬ್ಬರು ಆಡಲು ಎರಡು ಜೊತೆ ಗ್ಲೌಸ್ ಬೇಕು, ಇದ್ದದ್ದು ಒಂದು. ಆಗ ಮಂಡ್ಯ, ಮದ್ದೂರಿನ ಯಾವ ಅಂಗಡಿಯಲ್ಲೂ ಆ ಸರಕು ಸಿಗುತ್ತಿರಲಿಲ್ಲ. "ನಾನು ಒಲ್ಕೊಡ್ತೀನಿ" ಅಂದುಬಿಟ್ಟೆ. ಬಟ್ಟೆಗೆ ಕಂಟ್ರೋಲ್ ಇದ್ದ ಕಾಲ, ಅಳತೆಗೆ ಮೀರಿ ಒಂದು ಗಜವೂ ಸಿಗುತ್ತಿರಲಿಲ್ಲ. ಹಾಗಾಗಿ ಅವರ ಮಿಲಿಟರಿ ಚೀಲವನ್ನೇ ಕತ್ತರಿಸಿದೆ. ಒಳಗೆ ತುಂಬಲು ತವರಿನಿಂದ ಬಂದ ದಿಂಬಿನ ಬೂರುಗದ ಹತ್ತಿ. ಒಂದು ದಿಂಬಿನ ಆಯುಸ್ಸು ಅಲ್ಲಿಗೆ ಮುಗಿಯಿತು. ಆಮೇಲೆ ಬಹಳ ದಿನ ನಾವಿಬ್ಬರೂ ಒಂದೇ ದಿಂಬಿನ ಮೇಲೆ ಮಲಗಿದೆವು, ಅದರ ಬಗ್ಗೆ ನನ್ನ ದೂರೇನೂ ಇಲ್ಲ.

ಅವರು ಹೇಳಿಕೊಟ್ಟಿದ್ದರು: ಮೊದಲು ಕೈಗೆ ಉದ್ದನೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತೇವೆ, ಅದರ ಮೇಲೆ ಗ್ಲೌಸು, ಒಳಗೆ ಜಾಗ ಇರಲಿ. ಕೇಳಿಸಿಕೊಂಡೆ. ಆದರೆ ಕೈಗೆ ತೊಡುವ ವಸ್ತುವಿನ ಬಗ್ಗೆ ನನಗಿದ್ದ ಗುರು ಒಬ್ಬನೇ, ಮಳವಳ್ಳಿಯ ನಮ್ಮ ಬಳೆಗಾರ. ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಹಿಸುಕಿ, ಹುಡುಗಿಯ ಕಣ್ಣಲ್ಲಿ ನೀರು ಬರುವಾಗ ಸರ್ರನೆ ಇಳಿಯುತ್ತದಲ್ಲ, ಅದೇ ಸರಿಯಾದ ಬಳೆ. ಸಲೀಸಾಗಿ ಇಳಿದದ್ದನ್ನು ಅವ್ವ ವಾಪಸು ತೆಗೆಸುತ್ತಿದ್ದಳು, ಯಾರದೋ ಬಳೆ ಇಸ್ಕೊಂಡು ತೊಟ್ಟಂಗದೆ ಅನ್ನುತ್ತಿದ್ದಳು. ನಾನು ನನ್ನ ಗಂಡನ ಕೈಯನ್ನು ಹಾಗೆಯೇ ಹಿಸುಕಿ ನೂಲು ಹಿಡಿದು ಅಳೆದೆ. ಕೈ ಹಿಡಿಯಲು ಸಿಕ್ಕ ನೆಪ ಅದು, ಎರಡು ಮೂರು ಸಲ ಅಳೆದೆ. ಎಂಟು ದಿನ ಗೋಣಿದಬ್ಬಳ ಹಿಡಿದು ಹೊಲಿದೆ. ಸುಕ್ಕಿಲ್ಲ, ಜೋಲಿಲ್ಲ, ರವಿಕೆಯ ತೋಳಿನ ಹಾಗೆ ಕೂರುವ ಕೈದಿಂಬು. ಅತ್ತೆ ಕೂಡ ನೋಡಿ, "ಕೈ ಚೆನ್ನಾಗದೆ ಕಣವ್ವ ನಿಂದು" ಅಂದರು.

ಮಂಡ್ಯಕ್ಕೆ ಹೋಗಲು ಎರಡು ದಿನ ಉಳಿದಿತ್ತು. ಗರಡಿಯಲ್ಲಿ ಜಾಗವಿಲ್ಲವಲ್ಲ, ಮನೆಯ ಹಿಂದಿನ ಕಣದಲ್ಲೇ ಅಭ್ಯಾಸ. ಜೊತೆಗಾರ ಸಿಂಗ್ರಿ, ಮಾವನ ಶಿಷ್ಯ, ಬಂಡೆಯಂಥ ಮೈ. ಅವನಿಗೆ ಬಾಕ್ಸಿಂಗ್ ಹೊಸದೆಂದು ನಮ್ಮವರು ಒಳ್ಳೆಯ ಚರ್ಮದ ಜೊತೆಯನ್ನು ಅವನಿಗೇ ಕೊಟ್ಟರು. ತಾವು ನನ್ನ ಹೊಲಿಗೆಯದನ್ನು ತೆಗೆದುಕೊಂಡರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅವರು ಪಟ್ಟಿ ಸುತ್ತಿಕೊಂಡು ಕೈ ತೂರಿಸಿದರು, ತೆಗೆದರು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ಆಮೇಲೆ ಪಟ್ಟಿ ಬಿಚ್ಚಿ ಕಲ್ಲಿನ ಮೇಲಿಟ್ಟು ಮತ್ತೆ ಕೈ ತೂರಿಸಿದರು. ನನ್ನ ಕಡೆ ತಿರುಗಿ, "ಸರ್ಯಾಗದೆ" ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಟ ಶುರುವಾಗಿ ಒಂದು ಮುದ್ದೆ ಉಣ್ಣುವಷ್ಟು ಹೊತ್ತೂ ಆಗಿರಲಿಲ್ಲ. ಸಿಂಗ್ರಿ ಏಟಿಗೆ ತಲೆ ತಗ್ಗಿಸಿದ, ನಮ್ಮವರ ಬಲಗೈ ಅವನ ಹಣೆಯ ಮೂಳೆಗೆ ಬಿತ್ತು. ಒಣ ಸೌದೆ ಮುರಿದಂಥ ಸದ್ದು ನನಗೆ ಬಾಗಿಲ ತನಕ ಕೇಳಿಸಿತು. ಸಿಂಗ್ರಿ ಹಣೆ ಉಜ್ಜಿಕೊಂಡು, "ನಂಗೇನಾಗ್ನಿಲ್ಲ ಕಣಣ್ಣ" ಅಂದ. ನಮ್ಮವರು ನೆಲದ ಮೇಲೆ ಕೂತಿದ್ದರು. ಕೈ ಊದಿ ಗ್ಲೌಸು ಬರಲೊಲ್ಲದು. ಎಂಟು ದಿನ ಹೊಲಿದಿದ್ದನ್ನು ನಾನೇ ಕತ್ತರಿ ತಂದು ಕತ್ತರಿಸಿದೆ. ಕಿರುಬೆರಳಿನ ಬುಡ ಒಳಕ್ಕೆ ಕುಸಿದುಹೋಗಿತ್ತು.

ಸುತ್ತಲ ಹತ್ತೂರಿಗೆ ಮೂಳೆ ಕೂರಿಸುತ್ತಿದ್ದವರು ನಮ್ಮ ಮಾವನವರೇ. ಬಂದರು. ಮಗನ ಎದುರು ಕುಕ್ಕರುಗಾಲಿನಲ್ಲಿ ಕೂತು ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಆರು ತಿಂಗಳಲ್ಲಿ ಮೊದಲ ಸಲ ಅತ್ತೆಯ ನೆರವಿಲ್ಲದೆ ಮಗನ ಹತ್ತಿರ ಮಾತಾಡಿದರು: "ಅಲ್ಲು ಕಚ್ಕೊ ಮಗ." ಎಳೆದು ಕೂರಿಸಿ, ಮೊಟ್ಟೆಯ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟರು. ಕಟ್ಟಲು ನಾನು ಬಟ್ಟೆ ಹುಡುಕುತ್ತಿದ್ದೆ. ಅವರು ಹೆಗಲ ಮೇಲಿದ್ದ ಖಾದಿ ಟವೆಲ್ಲನ್ನು ಪರ್ರನೆ ಹರಿದರು. ನಾನು ಅಡಿಗೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಕಣ್ಣೀರಿಟ್ಟೆ.

ಮರುದಿನ ಮಾವನವರು ನನ್ನನ್ನು ಕರೆದರು. ಕತ್ತರಿಸಿದ ಗ್ಲೌಸು ಅವರ ಕೈಯಲ್ಲಿತ್ತು, ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಬೈಯುತ್ತಾರೆಂದುಕೊಂಡೆ. "ಇನ್ನೊಂದ್ ಜೊತೆ ಒಲಿಯವ್ವ" ಅಂದರು. "ದೊಡ್ಡುದಾಗಿ ಒಲಿ, ಅತ್ತಿ ಜಾಸ್ತಿ ತುಂಬು. ಇದು ಒಡಿಯೋನ್ಗೆ ಮಾತ್ರ ಅಲ್ಲ ಕಣವ್ವ, ಒಡುಸ್ಕಳೋನ್ಗೂವೆ." ಬಾಕ್ಸಿಂಗ್ ಎಂದರೆ ಜಗಳ ಎನ್ನುತ್ತಿದ್ದ ಆ ಮನುಷ್ಯ ಒಂದು ರಾತ್ರಿಯಲ್ಲಿ ಅದನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಎರಡನೆಯ ಜೊತೆಯನ್ನು ಹಾಗೆಯೇ ಹೊಲಿದೆ, ಕುಂಬಳಕಾಯಿಯಷ್ಟು ದಪ್ಪಗೆ. ಬಟ್ಟೆಯದಾದ್ದರಿಂದ ಗರಡಿಯ ಹೊಸಲನ್ನೂ ದಾಟಿತು.

ಡ್ರಿಲ್ ಮೇಷ್ಟ್ರ ಕೆಲಸ ಬೇರೆಯವರಿಗೆ ಹೋಯಿತು. ಕಿರುಬೆರಳು ಸೊಟ್ಟಗೇ ಕೂಡಿಕೊಂಡು ಮುಷ್ಟಿ ಪೂರ್ತಿ ಕಟ್ಟಲಾಗದ ಕೈಯನ್ನು ಪಟಾಲಂನವರೂ ಬೇಡವೆಂದರು. ಅವರು ಉಳಿದರು. ಕಬ್ಬು ಬೆಳೆದರು, ಸಂಜೆ ಗರಡಿಯಲ್ಲಿ ಎಡಗೈಯಿಂದ ಗುದ್ದು ಕಲಿಸಿದರು. ಮುಂದಿನ ವರ್ಷ ಬ್ರಿಟಿಷರೇ ಹೊರಟುಹೋದಾಗ ಅಪ್ಪ ಮಗ ಒಟ್ಟಿಗೆ ಬಾವುಟ ಕಟ್ಟಿದರು. ನನಗೆ ಬೇಕಾದದ್ದು ನನ್ನ ತಪ್ಪಿನಿಂದಲೇ ಸಿಕ್ಕಿತ್ತು. ನಾನು ಸಂತೋಷಪಟ್ಟೆ, ಸಂತೋಷಪಟ್ಟದ್ದಕ್ಕೆ ನಾಚಿಕೊಂಡೆ, ಎರಡನ್ನೂ ಯಾರಿಗೂ ಹೇಳಲಿಲ್ಲ.

ಹೀಗೆ ಮೂವತ್ತು ವರ್ಷ ಕಳೆಯಿತು. ಒಂದು ಸಂಜೆ ಇಬ್ಬರೂ ಅವರೆಕಾಳು ಹಿಸುಕುತ್ತ ಕೂತಿದ್ದೆವು. ಆ ಸೊಟ್ಟ ಬೆರಳು ಅಡ್ಡ ಬಂದು ಅವರ ಕಾಳು ಪಾತ್ರೆಯ ಆಚೆಗೆ ಸಿಡಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ನಾನು ಬಿಗಿಯಾಗಿ ಒಲ್ದೆ. ನನ್ನಿಂದ್ಲೇ ನಿಮ್ಮ ಕೈ ಓಯ್ತು" ಅಂದೆ.

"ಗೊತ್ತು ಕಣೆ" ಅಂದರು, ಕಾಳಿನಿಂದ ಕಣ್ಣೆತ್ತದೆ.

"ಯಾವಾಗ ಗೊತ್ತಾಯ್ತು?"

"ಕೈ ಆಕ್ದಾಗ್ಲೇವೆ. ಪಟ್ಟಿ ಸುತ್ಕಂಡ್ರೆ ಒಳಿಕ್ ಓಯ್ತಿರ್ನಿಲ್ಲ."

"ಅಂಗಾರೆ ಯಾಕ್ ಯೋಳ್ನಿಲ್ಲ?"

"ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ದಲ್ಲೇ ನೀನು. ಎಂಟ್ ದಿನ ಕುಂತು ಒಲ್ದಿದ್ದೆ. ಎಂಗ್ ಯೋಳ್ಲಿ?"

ಇದನ್ನು ಕೇಳಿ ನನಗೆ ಅಳು ಬಂತೆಂದು ನೀವು ಎಣಿಸಿದರೆ, ಬಂತು, ನಿಜ. ಆದರೆ ಅದರ ಹಿಂದೆಯೇ ಕೆಟ್ಟ ಸಿಟ್ಟು ಬಂತು. ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ. ಬಿಗಿ ಅದೆ ಅಂತ ಒಂದು ಮಾತು ಹೇಳಿದ್ದರೆ ಒಂದು ಗಳಿಗೆ ನನ್ನ ಮುಖ ಬಾಡುತ್ತಿತ್ತು, ಕೈ ಉಳಿಯುತ್ತಿತ್ತು. ಇಂಥ ಪ್ರೀತಿ ಯಾರಿಗೆ ಬೇಕು? ನನಗೆ ಬೇಕಿತ್ತು, ಅದು ಬೇರೆ ಮಾತು. ಅವರು ಹೋಗಿ ಈಗ ಒಂಬತ್ತು ವರ್ಷ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆನಲ್ಲ. ಅಂಗಡಿಯವರು ನೀರು ಕೊಟ್ಟರು. ಚೈತ್ರ ಗಾಬರಿಯಿಂದ ನನ್ನ ಮುಂದೆ ನಿಂತಿದ್ದಳು, ಕೈಯಲ್ಲಿ ಇನ್ನೂ ಆ ಕೆಂಪು ಗ್ಲೌಸ್. ಕಣ್ಣು ಅವಳ ತಾತನದೇ.

"ಪಟ್ಟಿ ಸುತ್ತಿಕೊಳ್ಳಲಿಲ್ಲವಲ್ಲ ನೀನು" ಅಂದೆ.

"ಪರವಾಗಿಲ್ಲ ಅಜ್ಜಿ. ನೀನು ಇಷ್ಟಪಟ್ಟು ಆರಿಸಿದ್ದೀಯ. ಚೆನ್ನಾಗಿದೆ."

"ನನ್ನ ಮುಖ ನೋಡಬೇಡ" ಅಂದೆ. ಧ್ವನಿ ಜೋರಾಯಿತೆಂದು ಕಾಣುತ್ತದೆ, ಅಂಗಡಿಯವರು ತಿರುಗಿ ನೋಡಿದರು. "ನಿನ್ನ ಕೈ ನೋಡ್ಕೊಂಡು ಹೇಳು. ಬಿಗಿ ಅದಾ?"

ಅವಳು ಒಳಗೆ ಬೆರಳು ಆಡಿಸಲು ನೋಡಿದಳು. ಆಡಲಿಲ್ಲ. ತಲೆ ತಗ್ಗಿಸಿ, ಬಹಳ ಮೆಲ್ಲಗೆ, "ಊಂ ಅಜ್ಜಿ, ಬಿಗಿ ಅದೆ" ಅಂದಳು.

ನಾನು ಎದ್ದು, ಅವಳ ಕೈಯಿಂದ ಗ್ಲೌಸನ್ನು ನಿಧಾನವಾಗಿ ಎಳೆದು ತೆಗೆದೆ. ಐದು ಬೆರಳೂ ನೆಟ್ಟಗೆ ಹೊರಗೆ ಬಂದವು.